ಸಾಗರಕ್ಕೆ ಬನ್ನಿ ಎಂದು ಕರೆಯಲು ಹೋದದ್ದು

ಗುರುವಾರ ಬೆಳಿಗ್ಗೆ ಏಳಕ್ಕೆ ಸಾಗರದಿಂದ ಹೊಸನಗರಕ್ಕೆ ಹೊರಡಬೇಕಾದ ಬಸ್ಸು ಏಳೂಕಾಲಿಗೆ ಹೊರಟಿತು. ಹೆಂಗಸರ ಸೀಟಿನಲ್ಲಿ ನಾವಿಬ್ಬರು ಕೂತಿದ್ದೆವು. ನನ್ನ ತೊಡೆಯ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ, ಅದರೊಳಗೆ ತೊಡದೇವು. ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಕಾಗದದಷ್ಟು ತೆಳ್ಳಗೆ ಎರೆದ ಆ ಸಿಹಿಯನ್ನು ಪುಡಿಯಾಗದಂತೆ ಇಪ್ಪತ್ತಕ್ಕೂ ಹೆಚ್ಚು ಮೈಲಿ ಒಯ್ಯಬೇಕಾಗಿತ್ತು. ಪಕ್ಕದಲ್ಲಿ ಕೂತಿದ್ದ ಗಿರಿಜಕ್ಕನ ಕೈಚೀಲದಲ್ಲಿ ಬೆಳ್ಳಿಯ ಕುಂಕುಮದ ಭರಣಿ ಮತ್ತು ಮೂರು ಲಕೋಟೆ. ಟಿಕೆಟ್ಟು ತಲೆಗೆ ಒಂದೂಕಾಲು ರೂಪಾಯಿ. ಮಾಘದ ಚಳಿಗೆಂದು ಕಿಟಕಿಗಳ ಪರದೆ ಇಳಿಬಿಟ್ಟಿದ್ದರು. ಒಳಗೆ ಬೀಡಿ, ಪೆಟ್ರೋಲು ಮತ್ತು ಯಾರದೋ ಬುಟ್ಟಿಯ ಕಂಚಿಕಾಯಿಯ ವಾಸನೆ.

ಗಿರಿಜಕ್ಕ ನಮ್ಮ ಮಹಿಳಾ ಸಮಾಜದ ಅಧ್ಯಕ್ಷೆ, ನಾನು ಕಾರ್ಯದರ್ಶಿ. ಕಾನ್ವೆಂಟಿನಲ್ಲಿ ಓದಿದವಳು, ದುಂಡಗೆ ಕಾಗದ ಬರೆಯುತ್ತೇನೆ ಎಂಬುದಷ್ಟೇ ನನ್ನ ಯೋಗ್ಯತೆ. ಇಬ್ಬರು ಹೆಂಗಸರು ಗಂಡಸರಿಲ್ಲದೆ ನಾಲ್ಕು ದಿನ ಊರು ಬಿಟ್ಟು ಹೊರಟದ್ದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿನ ಶಾಲೆಗಳ ಹುಡುಗಿಯರಿಗಾಗಿ ಬರುವ ಡಿಸೆಂಬರಿನಲ್ಲಿ ಮೂರು ದಿನ ಆಟೋಟ ಸ್ಪರ್ಧೆ ನಡೆಸಬೇಕೆಂದು ಶಾಲಾ ಇನ್ಸ್‌ಪೆಕ್ಟ್ರೆಸ್ ಅವರು ಆಸೆಪಟ್ಟಿದ್ದರು. ಓಟ, ಜಿಗಿತ, ಕೊಕ್ಕೊ, ಥ್ರೋಬಾಲ್, ರಿಂಗ್ ಎಲ್ಲವೂ ಒಟ್ಟಿಗೆ. ಎಲ್ಲಿ ನಡೆಸುವುದು ಎಂದಾಗ ಸಾಗರವೂ ಕೈ ಎತ್ತಿತು, ತೀರ್ಥಹಳ್ಳಿಯೂ ಕೈ ಎತ್ತಿತು. ಹೊಸನಗರ ಕೇಳಲಿಲ್ಲ. ಆದ್ದರಿಂದ ಹೊಸನಗರದ ಮಹಿಳಾ ಸಮಾಜದ ಮೂವರು ಚೀಟಿಯಲ್ಲಿ ಊರ ಹೆಸರು ಬರೆದು ತೀರ್ಮಾನಿಸಬೇಕು ಎಂದಾಯಿತು. ಸಭೆ ಶನಿವಾರ ಮಧ್ಯಾಹ್ನ ಮೂರಕ್ಕೆ, ತೀರ್ಥಹಳ್ಳಿಯಲ್ಲಿ. ಇಬ್ಬರು ನಮ್ಮ ಊರ ಹೆಸರು ಬರೆದರೆ ಸಾಕು.

ನಮಗೆ ಅದು ಬೇಕೇಬೇಕಿತ್ತು. ಸಾಗರದ ಹುಡುಗಿಯರ ಶಾಲೆಗೆ ಆಟದ ಬಯಲಿಲ್ಲ. ಶಾಲೆಯ ಎದುರಿಗೇ ಒಳ್ಳೆಯ ಬಯಲಿದೆ. ಆದರೆ ಶರಾವತಿಯ ಅಣೆಕಟ್ಟಿನ ನೀರಿಗೆ ಮುಳುಗುವ ಕಾಡನ್ನು ಕಡಿದು ತಂದ ನಾಟಾ ಮೂರು ವರ್ಷದಿಂದ ಅಲ್ಲಿ ಪೇರಿಸಿಟ್ಟಿದೆ. ಆನೆಯ ಮೈಯಂಥ ದಿಮ್ಮಿಗಳು, ಒಂದೊಂದರ ತಲೆಗೂ ಟಾರಿನಲ್ಲಿ ಬರೆದ ನಂಬರು. ಆಟೋಟ ಸಾಗರಕ್ಕೆ ಬಂದರೆ ಬಯಲು ಶಾಲೆಗೆ, ಬಾರದಿದ್ದರೆ ಕಂಟ್ರಾಕ್ಟರಿಗೆ ಇನ್ನೂ ಐದು ವರ್ಷ ಎಂದು ಪುರಸಭೆಯವರು ಹೇಳಿದ್ದರು. ನಮ್ಮ ಹುಡುಗಿಯರು ಆ ದಿಮ್ಮಿಗಳ ಸಂದಿಯಲ್ಲೇ ಕೊಕ್ಕೊ ಆಡಿ ಮಂಡಿ ತರಚಿಕೊಂಡು ಬರುತ್ತಿದ್ದರು. ಇನ್ನು ಐದು ವರ್ಷಕ್ಕೆ ಈಗಿನವರು ಯಾರೂ ಶಾಲೆಯಲ್ಲಿ ಇರುವುದಿಲ್ಲ.

ಊರು ಊರುಗಳು ಸ್ಪರ್ಧಿಸಿ ಆಟವನ್ನು ಕರೆಯುವ ಕ್ರಮ ನನಗೆ ತಿಳಿದದ್ದು ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆಯಿಂದ. ನನಗೆ ಪಾಠ ಹೇಳಿದ್ದ ಸಿಸ್ಟರ್ ಒಬ್ಬರು ಈಗಲೂ ಹಳೆಯ ಪತ್ರಿಕೆಗಳನ್ನು ಕಳಿಸುತ್ತಾರೆ. ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡೆ ಮುಗಿದು ನಾಲ್ಕು ತಿಂಗಳಾಗಿತ್ತು. ಅದು ಆ ಊರಿಗೆ ಹೇಗೆ ಸಿಕ್ಕಿತು ಎಂಬುದನ್ನು ಅದರಲ್ಲಿ ಬರೆದಿದ್ದರು. ಬಸ್ಸು ಬಟ್ಟೆಮಲ್ಲಪ್ಪದ ಕಡೆ ಕುಲುಕಾಡುತ್ತ ಸಾಗುವಾಗ ಗಿರಿಜಕ್ಕನಿಗೆ ಅದನ್ನೇ ಹೇಳುತ್ತಿದ್ದೆ. ಆಟ ಬೇಕೆಂಬ ಊರಿನ ಮೇಯರು ಮೊದಲು ಕರೆಯೋಲೆ ಬರೆಯಬೇಕು. ಆಮೇಲೆ ಒಂದು ಉದ್ದನೆಯ ಪ್ರಶ್ನೆಗಳ ಪಟ್ಟಿ ಬರುತ್ತದೆ: ಬಯಲು ಎಷ್ಟುದ್ದ, ಆಟಗಾರರು ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ, ಆ ತಿಂಗಳು ಮಳೆಯೋ ಬಿಸಿಲೋ. ಅದಕ್ಕೆ ಉತ್ತರ ಬರೆದು ಸಹಿ ಹಾಕಬೇಕು. ಬರೆದದ್ದು ಮಾತು ಕೊಟ್ಟ ಹಾಗೆ. ಕೊನೆಗೆ ಸದಸ್ಯರೆಲ್ಲ ಕೂತು ಚೀಟಿಯಲ್ಲಿ ಊರ ಹೆಸರು ಬರೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಚೀಟಿ ಯಾರಿಗೂ ಬಾರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದ ಊರನ್ನು ಬಿಟ್ಟು ಮತ್ತೆ ಬರೆಯುತ್ತಾರೆ.

"ಚೀಟಿ ಬರೆಯೋರ ಮನೆಮನೆಗೆ ಹೋಗ್ತಾರಾ?" ಎಂದರು ಗಿರಿಜಕ್ಕ.

"ಹೋಗ್ತಾರಂತೆ. ದೇಶ ದೇಶ ಸುತ್ತಿ ಕರೀತಾರಂತೆ."

"ಮತ್ತೆ! ಕಾಗದ ಹಾಕಿ ಸುಮ್ನೆ ಕೂತ್ರೆ ಯಾರು ಬತ್ತಾರೆ? ಕುಂಕುಮ ಇಟ್ಟೇ ಕರೀಬೇಕು ಅಂತ ನಾನು ಹೇಳಿದ್ದು ಅದಕ್ಕೇ. ಟೋಕಿಯೋದೋರಿಗೆ ಗೊತ್ತಿದ್ದಿದ್ದು ನಿನ್ನ ಯಜಮಾನ್ರಿಗೆ ಗೊತ್ತಿಲ್ಲೆ ನೋಡು. ಪೋಸ್ಟಲ್ಲಿ ಕಳ್ಸಿ ಅಂದ್ರಲ್ಲ!"

ಟೋಕಿಯೋದವರು ಒಮ್ಮೆಗೇ ಗೆದ್ದವರಲ್ಲ ಎಂದೂ ಹೇಳಿದೆ. ಒಂದು ಸಲ ಸಿಕ್ಕಿದ್ದು ಯುದ್ಧದಿಂದ ಕೈತಪ್ಪಿತು. ಮತ್ತೊಂದು ಸಲ ಕೇಳಿದಾಗ ರೋಮಿಗೆ ಹೋಯಿತು. ಆಮೇಲೆ ಸಿಕ್ಕಿತು. ಡೆಟ್ರಾಯಿಟ್ ಎಂಬ ಊರಂತೂ ಮತ್ತೆ ಮತ್ತೆ ಕೇಳಿದ್ದು, ಒಂದು ಸಲವೂ ಸಿಕ್ಕಿಲ್ಲ, ಇನ್ನೂ ಕೇಳುವುದನ್ನು ಬಿಟ್ಟಿಲ್ಲ. ಗಿರಿಜಕ್ಕ ಲೊಚಗುಟ್ಟಿದರು. "ಪಾಪ, ಆ ಊರಿನ ಹೆಂಗಸ್ರಿಗೆ ಯಾರಾದ್ರೂ ತೊಡದೇವು ಮಾಡೋದು ಹೇಳಿಕೊಡ್ಬೇಕು" ಎಂದರು.

ಆ ಹಾಳೆಯಲ್ಲಿದ್ದಂತೆಯೇ ನಾನೂ ಹನ್ನೆರಡು ಪ್ರಶ್ನೆಗಳ ಪಟ್ಟಿ ಮಾಡಿ ಇನ್ಸ್‌ಪೆಕ್ಟ್ರೆಸ್ ಅವರಿಗೆ ಕಳಿಸಿದ್ದೆ. ಅವರು ಮೆಚ್ಚಿ, ಎರಡೂ ಊರಿನವರು ಇದಕ್ಕೆ ಉತ್ತರ ಬರೆದು ತನ್ನಿ ಎಂದಿದ್ದರು. ನಮ್ಮ ಉತ್ತರ ಎಂಟು ಪುಟವಾಗಿತ್ತು. ಲಕೋಟೆಯಲ್ಲಿದ್ದದ್ದು ಅದರ ಪ್ರತಿಗಳೇ. ನನಗೆ ಅದರ ಮೇಲೆ ಬಹಳ ಹೆಮ್ಮೆ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಒಂಬತ್ತೂವರೆಗೆ ಹೊಸನಗರ ತಲುಪಿದೆವು. ಹೋಟೆಲಿನಲ್ಲಿ ಬನ್ಸು ತಿಂದು, ಕಾಫಿ ಕುಡಿದು, ಮುಖ ತೊಳೆದು, ಡಬ್ಬಿ ತೆರೆದು ನೋಡಿದರೆ ತೊಡದೇವುಗಳಲ್ಲಿ ಎರಡು ಮಾತ್ರ ಮುರಿದಿದ್ದವು. ಮುರಿದ ಎರಡನ್ನು ಗಿರಿಜಕ್ಕ ಅಲ್ಲೇ ತೀರಿಸಿದರು.

ಮೊದಲು ಹೋದದ್ದು ಅಲ್ಲಿನ ಸಮಾಜದ ಅಧ್ಯಕ್ಷೆ ಸುಂದರಮ್ಮನವರ ಮನೆಗೆ. ವಕೀಲರ ಮನೆ, ಬಾಗಿಲಿಗೆ ಮಣಿಯ ಪರದೆ, ಗೋಡೆಯ ಮೇಲೆ ಜಿಂಕೆಯ ಕೊಂಬು. ಕುಂಕುಮ ಇಟ್ಟು, ಲಕೋಟೆ ಕೊಟ್ಟು, ತಟ್ಟೆಯಲ್ಲಿ ನಾಲ್ಕು ತೊಡದೇವು ಇಟ್ಟು ಕರೆದೆವು. ಅವರು ಬಿಚ್ಚುಮನಸ್ಸಿನವರು. "ನನ್ನ ತೌರು ತೀರ್ಥಹಳ್ಳಿ. ನನ್ನ ಚೀಟಿ ಎಲ್ಲಿಗೆ ಅಂತ ನಿಮಗೆ ಬೇರೆ ಹೇಳ್ಬೇಕಾ? ಆದ್ರೆ ಕರೆಯಕ್ಕೆ ಬಂದ್ರಲ್ಲ, ಅದು ಸಂತೋಷ" ಎಂದು ನಕ್ಕು, ಕೋಸಂಬರಿ ಕೊಟ್ಟು ಕಳಿಸಿದರು. ನೀವೇಕೆ ಕೇಳಲಿಲ್ಲ ಎಂದಾಗ, "ನಮ್ಮೂರಲ್ಲಿ ಬಯಲು ಇದ್ದ ಕಡೆಯೆಲ್ಲ ಈಗ ಮುಳುಗಡೆಯೋರ ಶೆಡ್ಡು. ಅವ್ರಿಗೆ ಮನೆಯಾದ್ಮೇಲೆ ಆಟ" ಎಂದರು.

ಎರಡನೆಯವರು ಲಲಿತಾ ಟೀಚರು. ಶಾಲೆಯ ಹತ್ತಿರದ ಎರಡು ಕೋಣೆಯ ಮನೆ. ನಮ್ಮ ಉತ್ತರವನ್ನು ಅಲ್ಲಿಯೇ ಕೂತು ಕಣ್ಣಾಡಿಸಿ, "ಮೈದಾನದ ಅಳತೆಯೆಲ್ಲ ಬರೆದಿದೀರಿ. ಚೆನ್ನಾಗಿದೆ. ಪೂರ್ತಿ ಓದಿ ನೋಡ್ತೀನಿ" ಎಂದರು. ಅವರಿಗೂ ನಾಲ್ಕು ತೊಡದೇವು.

ಮೂರನೆಯವರು ಚೌಡಮ್ಮ. ಅವರ ಮನೆ ಪೇಟೆಯಲ್ಲಿಲ್ಲ, ಮುಳುಗಡೆಯ ರೈತರಿಗೆ ಹೊಸದಾಗಿ ಜಾಗ ಕೊಟ್ಟ ಕಡೆ, ಒಂದೂವರೆ ಮೈಲಿ ಆಚೆ ಎಂದು ಲಲಿತಾ ಟೀಚರು ಹೇಳಿದರು. ಆಗ ಒಂದು ಗಂಟೆಯಾಗಿತ್ತು. ತೀರ್ಥಹಳ್ಳಿಗೆ ಎರಡಕ್ಕೆ ಬಸ್ಸು. ಏನು ಮಾಡುವುದೆಂದು ಬಸ್ಸಿನಲ್ಲಿ ಕೂತು ಚಡಪಡಿಸುತ್ತಿರುವಾಗಲೇ, ಅದೋ ಚೌಡಮ್ಮ ಎಂದು ಯಾರೋ ಹೇಳಿದರು. ನಲವತ್ತೈದರ ಹೆಂಗಸು, ತಲೆಯ ಮೇಲೆ ಖಾಲಿ ಬುಟ್ಟಿ, ಸಂತೆ ಮುಗಿಸಿ ಹೊರಟಿದ್ದರು. ದೇವರೇ ಕಳಿಸಿದ ಹಾಗಾಯಿತು ಎಂದುಕೊಂಡೆ. ಕೂಗಿ ಕರೆದೆ. ಡ್ರೈವರು ಹಾರನ್ ಹೊಡೆಯುತ್ತಿದ್ದ. ಕಿಟಕಿಯಿಂದಲೇ ಲಕೋಟೆ ಚಾಚಿ, "ಸಾಗರದೋರು ನಾವು. ಆಟೋಟಕ್ಕೆ ನಮ್ಮೂರಿಗೆ ಬರ್ಬೇಕು, ಶನಿವಾರ ನಮ್ಮನ್ನ ಮರೀಬೇಡಿ" ಎಂದೆ. ಅವರು ಲಕೋಟೆಯನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಸೆರಗಿನಲ್ಲಿ ಸಿಕ್ಕಿಸಿಕೊಂಡರು. ಬಸ್ಸು ಹೊರಟಿತು. ಮೂರೂ ಆಯಿತು ಎಂದು ನಾನು ನಿಟ್ಟುಸಿರು ಬಿಟ್ಟೆ.

ರಿಪ್ಪನ್‌ಪೇಟೆ, ಕೋಣಂದೂರು ಬಳಸಿ ತೀರ್ಥಹಳ್ಳಿ ಸೇರುವಾಗ ಐದು ದಾಟಿತ್ತು. ಕೆಂಪು ಧೂಳು ಹುಬ್ಬಿನವರೆಗೆ. ಗಿರಿಜಕ್ಕನ ಚಿಕ್ಕಪ್ಪನ ಮಗಳ ಮನೆಯಲ್ಲಿ ಇಳಿದುಕೊಂಡೆವು.

ಶುಕ್ರವಾರ ಬೆಳಿಗ್ಗೆ ತೀರ್ಥಹಳ್ಳಿ ಸಮಾಜದ ಪದ್ಮಾವತಮ್ಮ ತಾವೇ ಬಂದು ತಮ್ಮ ಬಯಲನ್ನು ತೋರಿಸಲು ಕರೆದೊಯ್ದರು. ಎದುರಾಳಿಗಳು ನಾವು, ಆದರೂ ಎಷ್ಟು ಅಕ್ಕರೆ! ಬಯಲು ತುಂಗೆಯಿಂದ ಬಹಳ ದೂರವಿಲ್ಲ. ಮಟ್ಟಸವಾದ ನೆಲ, ಅಂಚಿನಲ್ಲಿ ನೆರಳು, ಬೆಳಗಿನ ಇಬ್ಬನಿಗೆ ಹುಲ್ಲು ಇನ್ನೂ ಒದ್ದೆ. ಚಪ್ಪಲಿ ಬಿಟ್ಟು ಈ ತುದಿಯಿಂದ ಆ ತುದಿಗೆ ಹೆಜ್ಜೆ ಎಣಿಸಿದೆ. ನೂರು ಗಜಕ್ಕೆ ಧಾರಾಳ. ನಮ್ಮದಕ್ಕಿಂತ ಒಳ್ಳೆಯ ಬಯಲು ಎಂದು ಗಿರಿಜಕ್ಕನಿಗೆ ಪಿಸುಗುಟ್ಟಿದೆ. "ಅದನ್ನ ನೀನು ಹೇಳ್ಬೇಡ. ಅವರು ಹೇಳ್ಕೋತಾರೆ" ಎಂದರು.

ಹನ್ನೊಂದೂವರೆಯ ಹೊತ್ತಿಗೆ ಲಲಿತಾ ಟೀಚರು ಸಭೆಗೆಂದು ಒಂದು ದಿನ ಮೊದಲೇ ಹೊಸನಗರದ ಬಸ್ಸಿನಲ್ಲಿ ಬಂದಿಳಿದು, ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ನಮ್ಮ ಲಕೋಟೆ. ಒಡೆದಿರಲಿಲ್ಲ.

"ಚೌಡಮ್ಮ ವಾಪಸ್ ಕೊಡಕ್ಕೆ ಹೇಳಿದ್ರು. ನಾಳೆ ಸಭೆಗೂ ಬರಲ್ವಂತೆ."

"ಯಾಕೆ? ಎಂತಾಯ್ತು?" ಎಂದೆ.

ಟೀಚರು ಸಂಕೋಚದಿಂದ ಸೆರಗು ಸರಿಮಾಡಿಕೊಂಡರು. "ನಮ್ಮ ಕಡೆ ದಾರೀಲಿ ಸಿಕ್ಕಾಗ ಕರೆದ್ರೆ ಅದನ್ನ ಕರೆದಿದ್ದು ಅಂತ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ನಿಮ್ಮ ಕಡೆಯೂ ಅಷ್ಟೇ ಅಲ್ವಾ? ಸುಂದರಮ್ಮೋರ ಮನೆಗೆ ಹೋದ್ರಂತೆ, ಟೀಚರ ಮನೆಗೆ ಹೋದ್ರಂತೆ, ನಂಗೆ ಬಸ್ಸಿನ ಕಿಟಕೀಲಿ ಕೊಟ್ರು, ಅಂದ್ರು. ಅಷ್ಟೇ ಅಂದಿದ್ದು."

ಮದುವೆ ಮುಂಜಿಗೆ ಪೇಟೆಯಲ್ಲಿ ಎದುರಾದಾಗ ಬಾಯಲ್ಲಿ ಕರೆದವರ ಮನೆಗೆ ನಾವು ಯಾರೂ ಹೋಗುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದಲ್ಲ. ಬಸ್ಸಿಗೆ ಹೊತ್ತಾಗಿತ್ತು ಎಂದು ಬಾಯಿ ತೆರೆದವಳು ಅಲ್ಲಿಗೇ ನಿಲ್ಲಿಸಿದೆ. ಸುಂದರಮ್ಮನವರು ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದರೆ ಕಿಟಕಿಯಿಂದ ಲಕೋಟೆ ಚಾಚುತ್ತಿದ್ದೆನೇ? ಇಲ್ಲ. ಕೆಳಗಿಳಿಯುತ್ತಿದ್ದೆ. ಬಸ್ಸು ತಪ್ಪಿದರೂ ಇಳಿಯುತ್ತಿದ್ದೆ.

ಮಧ್ಯಾಹ್ನ ಒಂದೂವರೆಗೆ ಹೊಸನಗರಕ್ಕೆ ಬಸ್ಸಿತ್ತು. ಹೊರಡುತ್ತೇನೆ ಎಂದೆ.

"ನಿಂಗೆ ಮರುಳಾ ಮಾರಾಯ್ತಿ? ನಿನ್ನೆ ತಾನೆ ಆ ರಸ್ತೇಲಿ ಸೊಂಟ ಮುರ್ಕೊಂಡು ಬಂದಿದ್ದು" ಎಂದರು ಗಿರಿಜಕ್ಕ. "ಲಲಿತಾ ಟೀಚರ ಚೀಟಿ ಒಂದು ಬಂದ್ರೂ..."

"ಒಂದು ಬಂದ್ರೆ ಸಾಲಲ್ಲ ಗಿರಿಜಕ್ಕ. ಎರಡು ಬೇಕು. ಚೀಟಿ ಬರದೇ ಇದ್ರೂ ಚಿಂತಿಲ್ಲ, ಇದನ್ನ ಹೀಗೇ ಬಿಟ್ಟು ನಾನು ಊರಿಗೆ ಹೋಗಲ್ಲ."

ಅವರು ನನ್ನ ಮುಖ ನೋಡಿದರು. ಚೀಲದಿಂದ ಕುಂಕುಮದ ಭರಣಿ ತೆಗೆದು ಕೈಗಿತ್ತರು. "ಮುಚ್ಚಳ ಸಡಿಲ, ಜೋಪಾನ" ಎಂದರು.

ಈ ಸಲ ಬಸ್ಸಿನಲ್ಲಿ ಒಬ್ಬಳೇ. ಕೋಣಂದೂರಿನಲ್ಲಿ ಟಯರು ಬದಲಾಯಿಸಲು ಮುಕ್ಕಾಲು ಗಂಟೆ ನಿಂತಿತು. ಹೊಸನಗರದಲ್ಲಿ ಇಳಿದು, ದಾರಿ ಕೇಳಿಕೊಂಡು, ಡಬ್ಬಿಯನ್ನು ಎದೆಗೆ ಅವಚಿ ಒಂದೂವರೆ ಮೈಲಿ ನಡೆದೆ. ಬಿಸಿಲು ಇಳಿಯುತ್ತಿತ್ತು. ಸಾಲಾಗಿ ಹೊಸ ಮಣ್ಣಿನ ಗೋಡೆಗಳು, ಮೇಲೆ ಹುಲ್ಲಿನ ಹೊದಿಕೆ. ಒಂದು ಮನೆಗೆ ಮಾತ್ರ ಚಿತ್ತಾರದ ಕೆತ್ತನೆಯ ದೊಡ್ಡ ಹಳೆಯ ಬಾಗಿಲು. ಗೋಡೆಗಿಂತ ಬಾಗಿಲೇ ಎತ್ತರ. ಮುಳುಗುವ ಮನೆಯಿಂದ ಕಿತ್ತು ತಂದದ್ದೆಂದು ನೋಡಿದರೆ ತಿಳಿಯುತ್ತಿತ್ತು. ಅದೇ ಚೌಡಮ್ಮನ ಮನೆ.

ಅವರು ಅಂಗಳದಲ್ಲಿ ಕೋಳಿಗಳನ್ನು ಗೂಡಿಗೆ ಕೂಡುತ್ತಿದ್ದರು. ನನ್ನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನಮ್ಮಾ, ಬಸ್ಸು ಇಲ್ಲೀತನಕ ಬತ್ತದಾ ಈಗ?"

"ಇಲ್ಲ. ನಡೆದು ಬಂದೆ. ನಿಮ್ಮನ್ನ ಕರೆಯೋಕೆ ಬಂದೆ. ನಿನ್ನೆ ಕರೆದಿದ್ದು ತಪ್ಪಾಯ್ತು."

ಅವರು ಕಾಲಿಗೆ ನೀರು ತಂದಿಟ್ಟು, "ಒಳಗೆ ಬನ್ನಿ" ಎಂದರು. ಒಳಗೆ ಚಾಪೆಯ ಮೇಲೆ ಕೂರಿಸಿದರು. ಕುಂಕುಮ ಇಟ್ಟೆ. ಅವರೂ ನನಗೆ ಇಟ್ಟರು. ಡಬ್ಬಿಯಲ್ಲಿ ಉಳಿದಿದ್ದ ತೊಡದೇವು ಈ ಎಲ್ಲ ಓಡಾಟದಲ್ಲಿ ಪುಡಿಪುಡಿಯಾಗಿತ್ತು. ನಾಚಿಕೆಯಾಯಿತು. "ಹಲ್ಲಿಲ್ಲದ ಅತ್ತೆ ಇದಾರೆ ಒಳಗೆ. ಅವ್ರಿಗೆ ಇದೇ ಅನುಕೂಲ" ಎಂದು ಅವರು ಡಬ್ಬಿ ಸಮೇತ ಒಳಗೊಯ್ದರು.

ಕೊನೆಯ ಬಸ್ಸು ಹೋಗಿಯಾಗಿತ್ತು. ಇಲ್ಲೇ ಇದ್ದು ಬೆಳಿಗ್ಗೆ ಹೋಗಿ ಎಂದರು. ಅಡುಗೆಮನೆಯಲ್ಲಿ ಒಲೆಯ ಮುಂದೆ ಅಕ್ಕಿರೊಟ್ಟಿ ತಟ್ಟುತ್ತ ಅವರು ಲಕೋಟೆಯ ಕಡೆ ಗದ್ದ ತೋರಿಸಿದರು. "ನಂಗೆ ಓದಕ್ಕೆ ಬರಲ್ಲ. ನೀವೇ ಬರ್ದಿದ್ದಲ್ವಾ, ನೀವೇ ಓದಿ."

ಓದಿದೆ. ಬಯಲಿನ ಉದ್ದಗಲ, ಡಿಸೆಂಬರಿನ ಹವೆ, ರೈಲು ನಿಲ್ದಾಣದಿಂದ ಎಷ್ಟು ದೂರ, ಕುಡಿಯುವ ನೀರಿನ ಬಾವಿ. ಅವರು ಹೂಂ ಹೂಂ ಎನ್ನುತ್ತಿದ್ದರು. ಏಳನೆಯ ಪ್ರಶ್ನೆ ಬಂತು: ಆಟಗಾರ್ತಿಯರು ಎಲ್ಲಿ ಮಲಗುತ್ತಾರೆ, ಎಲ್ಲಿ ಉಣ್ಣುತ್ತಾರೆ? ಅದಕ್ಕೆ ಮೂವತ್ತೆರಡು ಮನೆಗಳ ಹೆಸರು ಬರೆದಿದ್ದೆ, ಯಾವ ಮನೆಗೆ ಯಾವ ಊರಿನ ಎಷ್ಟು ಹುಡುಗಿಯರು ಎಂದು. ನನ್ನ ಹೆಮ್ಮೆಯ ಪುಟ ಅದು. ಹೆಸರುಗಳನ್ನು ಓದುತ್ತ ಹೋದೆ. ಪುಟದ ಕೊನೆಯ ಸಾಲಿಗೆ ಬಂದು ನಾಲಿಗೆ ನಿಂತಿತು.

"ಮುಗೀತಾ?" ಎಂದರು ಚೌಡಮ್ಮ.

ಮುಗಿದಿರಲಿಲ್ಲ. ಆ ಸಾಲನ್ನು ನಾನೇ ಬರೆದಿದ್ದೆ, ಎಲ್ಲಕ್ಕಿಂತ ದುಂಡಗೆ. ಓದಲೇಬೇಕಾಯಿತು. "ಹೊಸನಗರದ ಮುಳುಗಡೆಯ ಕೇರಿಯ ಹನ್ನೆರಡು ಹುಡುಗಿಯರಿಗೆ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಪ್ರತ್ಯೇಕ ವ್ಯವಸ್ಥೆ."

ಅವರು ರೊಟ್ಟಿಯನ್ನು ತಿರುವಿ ಹಾಕಿದರು. ಅದು ಉಬ್ಬಿತು.

"ನಮ್ಮ ಹುಡುಗೀರ್ನ ಯಾರೂ ಮನೆಗೆ ಕರ್ಕಳ್ಲಿಲ್ಲ, ಅಲ್ವಾ?"

"ನಾನು ಯಾರನ್ನೂ ಕೇಳ್ಲೇ ಇಲ್ಲ" ಎಂದೆ. ಅದೇ ನಿಜ. ಕೇಳಿದರೆ ಮುಜುಗರವಾದೀತೆಂದು ಕೇಳುವ ಮೊದಲೇ ಬರೆದುಬಿಟ್ಟಿದ್ದೆ.

"ಹಂಗಾದ್ರೆ ನನ್ನನ್ನ ಕಿಟಕೀಲಿ ಕರೆದಿದ್ದು ಸರೀನೇ ಬಿಡಿ. ಎರಡೂ ಒಂದೇ ಕೈಯಿನ ಕೆಲ್ಸ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮ್ಮೂರ ಬಯಲಲ್ಲಿ ಬಿದ್ದಿರೋ ನಾಟಾ ಯಾವೂರದು ಗೊತ್ತಾ ನಿಮಗೆ? ನಮ್ಮೂರದು. ಮರಕ್ಕೆ ಊರ ನಡುವೆ ಜಾಗ ಕೊಟ್ರಿ. ಮಕ್ಳಿಗೆ ಶೆಡ್ಡು."

ರೊಟ್ಟಿ ತಟ್ಟೆಗೆ ಬಿತ್ತು, ಪಕ್ಕದಲ್ಲಿ ಗೆಣಸಿನ ಪಲ್ಯ. ಅವರ ಅತ್ತೆ, ಇಬ್ಬರು ಹೆಣ್ಣುಮಕ್ಕಳು, ನಾನು, ನಾಲ್ವರೂ ಒಲೆಯ ಮುಂದೆ ಒಂದೇ ಸಾಲಿನಲ್ಲಿ ಕೂತು ಉಂಡೆವು. ಬೇರೆ ಜಾತಿಯವರ ಮನೆಯ ಅಡುಗೆಮನೆಯಲ್ಲಿ ನಾನು ಉಂಡದ್ದು ಅದೇ ಮೊದಲು. ಕೈ ತೊಳೆದು ಬಂದು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ. ಕೆಳಗೆ ಬರೆದೆ: "ಎಲ್ಲ ಹುಡುಗಿಯರೂ ಶಾಲೆಯ ದೊಡ್ಡ ಕೋಣೆಯಲ್ಲಿ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಈ ಹನ್ನೆರಡು ಮಂದಿ ಮಲಗುವುದು ನನ್ನ ಮನೆಯಲ್ಲಿ." ಬರೆದದ್ದನ್ನು ಓದಿ ಹೇಳಿದೆ.

"ಇಲ್ಲಿ ಓದಿದ್ರೆ ಸಾಲ್ದು" ಎಂದರು ಚೌಡಮ್ಮ. "ಅಲ್ಲಿ ಎಲ್ರ ಎದ್ರಿಗೆ ಓದಿ. ಆಮೇಲೆ ನೋಡನ."

ಶನಿವಾರ ಬೆಳಿಗ್ಗೆ ಎದುರಿನ ದಾರಿ ಕಾಣದಷ್ಟು ಮಂಜು ಕವಿದಿತ್ತು. ಇಬ್ಬರೂ ನಡೆದು ಬಂದು ಒಂಬತ್ತರ ಬಸ್ಸು ಹತ್ತಿದೆವು. ಅವರ ಟಿಕೆಟ್ಟಿಗೂ ನಾನೇ ಕೊಡಲು ಹೋದೆ. "ಕೊಟ್ರೆ ಇಲ್ಲೇ ಇಳೀತೀನಿ" ಎಂದು ತಾವೇ ಕೊಟ್ಟರು. ದಾರಿಯಲ್ಲಿ ಅವರಿಗೂ ಡೆಟ್ರಾಯಿಟಿನ ವಿಷಯ ಹೇಳಿದೆ. ಎಷ್ಟೋ ಸಲ ಕೇಳಿದರೂ ಕೊಡಲಿಲ್ಲ ಎಂದಾಗ, "ನಾವು ಪರಿಹಾರ ಕೇಳ್ದಂಗೆ" ಎಂದರು.

ಸಭೆ ತೀರ್ಥಹಳ್ಳಿಯ ಶಾಲೆಯೊಂದರಲ್ಲಿ. ಮೇಜಿನ ಆಚೆ ಇನ್ಸ್‌ಪೆಕ್ಟ್ರೆಸ್, ಈಚೆ ಹೊಸನಗರದ ಮೂವರು, ಎರಡು ಬದಿಯಲ್ಲಿ ನಾವು ಮತ್ತು ತೀರ್ಥಹಳ್ಳಿಯವರು. ಪದ್ಮಾವತಮ್ಮ ಮೊದಲು ಓದಿದರು. ಅವರ ಬಯಲಿಗೆ ಯಾರೂ ಸಾಟಿ ಹೇಳುವಂತಿರಲಿಲ್ಲ. ಏಳನೆಯ ಪ್ರಶ್ನೆಗೆ ಅವರು ಬರೆದದ್ದು ಒಂದೇ ಸಾ‌ಲು: "ಯಥೋಚಿತ ವ್ಯವಸ್ಥೆ ಮಾಡಲಾಗುವುದು." ಮೂರು ದಿನದ ಹಿಂದೆ ಅದು ಸೋಮಾರಿ ಉತ್ತರ ಎಂದು ನಗುತ್ತಿದ್ದೆನೇನೋ. ನನ್ನದು ಅದಕ್ಕಿಂತ ಕೆಟ್ಟದ್ದಾಗಿತ್ತು.

ನನ್ನ ಸರದಿ. ತಿದ್ದಿದ ಪುಟಕ್ಕೆ ಸಮಾಜದ ಅಧ್ಯಕ್ಷೆಯ ಸಹಿಯೂ ಬೇಕು ಎಂದು ಇನ್ಸ್‌ಪೆಕ್ಟ್ರೆಸ್ ಹೇಳಿದರು. ಗಿರಿಜಕ್ಕನಿಗೆ ಮೊದಲೇ ಹೇಳಲು ನನಗೆ ಧೈರ್ಯ ಸಾಲಿರಲಿಲ್ಲ. ಕಾಗದವನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಹೊಡೆದುಹಾಕಿದ ಸಾಲನ್ನೂ ಓದಿದರು, ಅದರ ಕೆಳಗಿನದನ್ನೂ ಓದಿದರು. ಮತ್ತೊಮ್ಮೆ ಓದಿದರು. ಸಮಾಜದ ಮೂವತ್ತೆರಡು ಮನೆಯವರಿಗೆ ಉತ್ತರ ಹೇಳಬೇಕಾದವರು ಅವರು.

"ಒಂದೇ ಸಾಲು ಅಂದ್ರೆ ಬಡಿಸೋರು ಯಾರೇ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ನಾನೇ ಬಡಿಸ್ತೀನಿ."

"ನಿನ್ನ ಕೈಯಲ್ಲಿ ಸಾರು ಎಲೆಗಿಂತ ನೆಲಕ್ಕೇ ಹೆಚ್ಚು ಬೀಳ್ತದೆ. ನಾನು ಬಡಿಸ್ತೀನಿ" ಎಂದು ಸಹಿ ಹಾಕಿದರು. ಪೆನ್ನು ಒತ್ತಿ ಬರೆದದ್ದಕ್ಕೆ ಕಾಗದದ ಹಿಂದೆ ಗೆರೆ ಮೂಡಿತ್ತು. ಆಮೇಲೆ ಸೊಂಟಕ್ಕೆ ಕೈಯಿಟ್ಟುಕೊಂಡು, "ಓದು, ಗಟ್ಟಿಯಾಗಿ ಓದು" ಎಂದರು.

ಹೊಡೆದುಹಾಕಿದ ಸಾಲು ಯಾವುದಿತ್ತು ಎಂಬುದನ್ನೂ ಸೇರಿಸಿ ಓದಿದೆ. ಸುಂದರಮ್ಮ ಬೆರಳಿನ ಉಂಗುರ ತಿರುಗಿಸುತ್ತ ನೆಲ ನೋಡುತ್ತಿದ್ದರು. ಪದ್ಮಾವತಮ್ಮ ತಮ್ಮ ಕಾಗದವನ್ನು ಮತ್ತೆ ತೆಗೆದು ಏಳನೆಯ ಉತ್ತರವನ್ನು ಓದಿಕೊಂಡದ್ದನ್ನು ಕಂಡೆ.

ಮೂರು ಚೀಟಿ. ಚೌಡಮ್ಮನಿಗಾಗಿ ಎರಡು ಬಣ್ಣದ ಚೀಟಿ ಮಾಡಿದ್ದರು, ಬಿಳಿ ತೀರ್ಥಹಳ್ಳಿಗೆ, ಹಳದಿ ಸಾಗರಕ್ಕೆ. ಎಲ್ಲರೂ ಅದನ್ನೇ ಬಳಸಿದರು. ಒಬ್ಬೊಬ್ಬರಾಗಿ ಪಕ್ಕದ ಕೋಣೆಗೆ ಹೋಗಿ ಮಡಿಸಿ ಗಡಿಗೆಯಲ್ಲಿ ಹಾಕಿ ಬಂದರು. ಇನ್ಸ್‌ಪೆಕ್ಟ್ರೆಸ್ ಗಡಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಂದು ಬಿಳಿ. ಒಂದು ಹಳದಿ. ಮೂರನೆಯದು ಗಡಿಗೆಯ ತಳಕ್ಕೆ ಅಂಟಿಕೊಂಡಿತ್ತು. ಅವರು ಬೆರಳು ಹಾಕಿ ತೆಗೆಯುವವರೆಗೆ ನಾನು ಗಿರಿಜಕ್ಕನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, ಅವರ ಬಳೆಯ ಗುರುತು ನನ್ನ ಅಂಗೈಯಲ್ಲಿ ಕೂತಿತ್ತು. ಹಳದಿ.

ಪದ್ಮಾವತಮ್ಮ ಎದ್ದು ಬಂದು ನಮ್ಮಿಬ್ಬರಿಗೂ ಕುಂಕುಮ ಇಟ್ಟರು. "ಮುಂದಿನ ವರ್ಷ ನಾವು ಕರೀತೀವಿ. ಏಳನೇ ಪ್ರಶ್ನೆಗೆ ಉದ್ದ ಉತ್ತರ ಬರೀತೀವಿ" ಎಂದರು.

ಹೊರಗೆ ಜಗುಲಿಯಲ್ಲಿ ಚೌಡಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಥ್ಯಾಂಕ್ಸ್ ಹೇಳಲು ಹೋದವಳಿಗೆ ಕೈ ಅಡ್ಡ ಮಾಡಿದರು. "ನಾ ಯಾವ ಬಣ್ಣ ಹಾಕ್ದೆ ಅಂತ ನಿಮಗೇನ್ ಗೊತ್ತು? ಅದು ಬಿಡಿ. ನಾಟಾ ಎಲ್ಲ ತೆಗೆಸ್ತೀರಲ್ಲ, ಒಂದು ದಿಮ್ಮಿ ಬಿಟ್ಟಿರಿ ತಂಗೀ. ಹುಡುಗೀರು ಓಡೋದನ್ನ ಕೂತು ನೋಡಕ್ಕೆ ನಂಗೊಂದು ಜಾಗ ಬೇಕಲ್ಲ." ಅಲ್ಲಿಯವರೆಗೆ ನಾನು ಅವರಿಗೆ 'ಅಮ್ಮಾ' ಆಗಿದ್ದೆ.

ಭಾನುವಾರ ಅದೇ ದಾರಿಯಲ್ಲಿ ಹಿಂದಿರುಗಿದೆವು. ಗಿರಿಜಕ್ಕ ಉದ್ದಕ್ಕೂ ಮೂವತ್ತೆರಡು ಮನೆಗಳಲ್ಲಿ ಯಾರು ಏನು ಹೇಳುತ್ತಾರೆ, ಅದಕ್ಕೆ ತಾವು ಏನು ಹೇಳಬೇಕು ಎಂದು ಎರಡೂ ಕಡೆಯ ಮಾತನ್ನು ತಾವೇ ಆಡುತ್ತಿದ್ದರು. ನಾನು ನನ್ನ ಅತ್ತೆಗೆ ಹೇಳಬೇಕಾದ ಮಾತನ್ನು ಕಟ್ಟಿಕೊಳ್ಳುತ್ತಿದ್ದೆ. ಹನ್ನೆರಡು ಚಾಪೆ, ಹನ್ನೆರಡು ಹೊದಿಕೆ, ಮಿಕ್ಕದ್ದೆಲ್ಲ ಮಾತು.

ಸಾಗರದಲ್ಲಿ ಇಳಿದವಳು ನೇರ ಮನೆಗೆ ಹೋಗಲಿಲ್ಲ. ಶಾಲೆಯ ಎದುರಿನ ಬಯಲಿನಲ್ಲಿ ಕಂಟ್ರಾಕ್ಟರ ಗುಮಾಸ್ತರು ಟಾರಿನ ಡಬ್ಬಿ ಹಿಡಿದು ದಿಮ್ಮಿಗಳ ಮಾಸಿದ ನಂಬರನ್ನು ಮತ್ತೆ ಬರೆಯುತ್ತಿದ್ದರು. ಡಿಸೆಂಬರಿನೊಳಗೆ ಇವೆಲ್ಲ ಹೋಗಬೇಕು, ಪುರಸಭೆಯಿಂದ ಕಾಗದ ಬರುತ್ತದೆ ಎಂದೆ. ಅವರು ಬ್ರಷ್ಷು ನಿಲ್ಲಿಸಿ, "ಎಲ್ಲಾನೂನಾ?" ಎಂದರು.

"ಒಂದನ್ನ ಬಿಟ್ಟು."

"ಅದೊಂದು ಯಾರಿಗೆ?"

"ಕರೆದಿದೀವಿ. ಬರೋರಿಗೆ ಕೂರೋಕೆ ಬೇಕು."

"ಯಾವ್ದು ಬಿಡ್ಬೇಕು ಹೇಳಿ ಮತ್ತೆ."

ಬಯಲಿನ ಈ ತುದಿಗೆ ಹೋಗಿ ನಿಂತೆ. ದಿಮ್ಮಿಗಳನ್ನು ಬಳಸಿ, ಒಂದೆರಡನ್ನು ಸೀರೆ ಎತ್ತಿಕೊಂಡು ದಾಟಿ, ಹೆಜ್ಜೆ ಎಣಿಸುತ್ತ ನಡೆದೆ. ನೂರನೆಯ ಗಜಕ್ಕೆ, ಓಟ ಮುಗಿಯಬೇಕಾದ ಕಡೆ, ಅಡ್ಡಡ್ಡ ಮಲಗಿದ್ದ ಒಂದು ದಿಮ್ಮಿ ಸಿಕ್ಕಿತು. ಅದನ್ನು ಓಟದ ದಾರಿಯಿಂದ ನಾಲ್ಕು ಮಾರು ಪಕ್ಕಕ್ಕೆ ಸರಿಸಬೇಕೆಂದು ಹೇಳಿ, ಅದರ ತಲೆಯ ಮೇಲೆ, ಟಾರಿನ ನಂಬರಿನ ಪಕ್ಕದಲ್ಲಿ, ಭರಣಿಯಲ್ಲಿ ಉಳಿದಿದ್ದ ಕುಂಕುಮದಿಂದ ಗುರುತು ಮಾಡಿದೆ.